ಇಚಿಲಂಪಾಡಿಯ ಎರಡನೇ ಕುಕ್ಕಪ್ಪ

ಮಲಯಾಳಿ ಉತುಪ್ ಚೇಟನ ಕೊಕ್ಕೊ ತೋಟಕ್ಕೆ ಮಂಗಗಳು ನೆಂಟರ ಹಾಗೆ ಬರುತ್ತಿರಲಿಲ್ಲ. ನೆಂಟರಾದರೆ ಎರಡು ದಿನ ಇದ್ದು ಹೋಗುತ್ತಾರೆ! ಈ ವರ್ಷದ ಅರ್ಧ ಫಸಲು ಆಗಲೇ ಅವುಗಳ ಹೊಟ್ಟೆ ಸೇರಿತ್ತು. ಇಡೀ ಇಚಿಲಂಪಾಡಿಯಲ್ಲಿ ಅವು ಹೆದರುತ್ತಿದ್ದುದು ಒಬ್ಬನಿಗೆ ಮಾತ್ರ, ಖಾಕಿ ಅಂಗಿ, ಕೆಂಪು ಮುಂಡಾಸು, ಪೊದೆ ಮೀಸೆಯ ಕುಕ್ಕಪ್ಪನಿಗೆ. ಆದರೆ ಆ ಮಹಾರಾಯನನ್ನು ಕರೆದರೆ ಬಂಗುಡೆ ಹುರಿದು ಬಡಿಸಬೇಕು, ಮೇಲಿಂದ ಅವನ ಪ್ರತಾಪವನ್ನೂ ಕೇಳಬೇಕು.

"ಹುರಿದು ಹುರಿದು ನನಗೆ ಸಾಕಾಯ್ತು," ಎಂದಳು ಹೆಂಡತಿ ತ್ರೇಸ್ಯಾಕುಟ್ಟಿ. "ಅವನ ಹಾಗೇ ಒಂದು ಬೆದರುಬೊಂಬೆ ಮಾಡಿ ನಿಲ್ಲಿಸಿ. ಅದು ಮೀನು ಕೇಳುದಿಲ್ಲ."

ಮರುದಿನ ಬೆಳಿಗ್ಗೆ ಬೈಹುಲ್ಲಿನ ಕುಕ್ಕಪ್ಪ ತೋಟದಲ್ಲಿ ಎದ್ದು ನಿಂತ. ಸುಳ್ಳು ಯಾಕೆ, ತೆಂಗಿನ ನಾರಿನ ಮೀಸೆ ಅಸಲಿಗಿಂತ ಚಂದ ಬಂದಿತ್ತು. ಮಂಗಗಳು ಕಂಡದ್ದೇ ಓಡಿದವು. ಉತುಪ್ ಖುಷಿಯಲ್ಲಿ ಎರಡು ಸಲ ಚಾ ಕುಡಿದ.

ಅಷ್ಟರಲ್ಲಿ ಪಿಕಪ್ ಓಡಿಸುವ ಶಾಫಿ ರಸ್ತೆಯಿಂದ ಬೊಂಬೆಗೆ, "ಎಂತ ಕುಕ್ಕಪ್ಪಣ್ಣ, ಚಾ ಆಯ್ತಾ?" ಎಂದು ಕೇಳಿದ. ಉತ್ತರವಿಲ್ಲ. ಎಂಥ ಅಹಂಕಾರ ಎಂದು ಬೈದುಕೊಂಡು ಪೇಟೆಗೆ ಬಂದರೆ, ಹೋಟೆಲಿನಲ್ಲಿ ಕುಕ್ಕಪ್ಪ ಬನ್ಸ್ ತಿನ್ನುತ್ತಿದ್ದಾನೆ!

"ಅಯ್ಯೋ, ಹಾಗಾದ್ರೆ ತೋಟದಲ್ಲಿ ಇರುದು ಯಾರು ಮಾರಾಯ್ರೆ?"

ಕುಕ್ಕಪ್ಪ ದೊಣ್ಣೆ ಹಿಡಿದು ಹೊರಟ. ಹಿಂದೆ ಅರ್ಧ ಊರು.

"ಏ ಉತುಪಾ! ಪ್ರತಿಮೆ ಮಾಡುದು ಸತ್ತವರದ್ದು. ಪ್ರತಿಕೃತಿ ಮಾಡುದು ಸುಡ್ಲಿಕ್ಕೆ. ನಂದು ಇದು ಯಾವುದು?"

"ಎರಡೂ ಅಲ್ಲ ಕುಕ್ಕಪ್ಪಣ್ಣ! ದೇವರದ್ದು ಮೂರ್ತಿ ಮಾಡುದಿಲ್ವಾ? ಹಾಗೆ!"

ಕುಕ್ಕಪ್ಪ ಸ್ವಲ್ಪ ಕರಗಿದ. ಆದರೆ ಮಂಗಗಳಿಗೆ ಅಷ್ಟರಲ್ಲಿ ಬೊಂಬೆಯ ಗುಟ್ಟು ತಿಳಿದಾಗಿತ್ತು. ಒಂದು ಮರಿ ಆ ಮೂರ್ತಿಯ ತಲೆಯ ಮೇಲೆ ಕೂತು, ನಾರಿನ ಮೀಸೆ ಕಿತ್ತು ಎಸೆಯಿತು.

"ಹೋಯ್!" ಕುಕ್ಕಪ್ಪ ಗುಡುಗಿದ. ಮಂಗಗಳು ಬೊಂಬೆಯನ್ನು ನೋಡಿದವು, ಅವನನ್ನು ನೋಡಿದವು. ಗಡವ ಮಂಗವೊಂದು ಇಳಿದು ಅವನ ಹೆಗಲೇರಿ, ಈ ಮೀಸೆಯೂ ಬರುತ್ತದಾ ಎಂದು ಜಗ್ಗಿತು. ಬರಲಿಲ್ಲ. ಊರಿಗೆ ಊರೇ ಹೊಟ್ಟೆ ಹಿಡಿದು ನಕ್ಕಿತು.

"ನನ್ನ ಮರ್ಯಾದೆ ತೆಗೆದೆಯಲ್ಲ!" ಕುಕ್ಕಪ್ಪ ದೊಣ್ಣೆ ಎತ್ತಿ ಓಡಿಸಿದ್ದು ಮಂಗನನ್ನಲ್ಲ, ಉತುಪನನ್ನು. ಲುಂಗಿ ಎತ್ತಿಕಟ್ಟಿದ ಉತುಪ್ ಪ್ರಾಣಭಯದಿಂದ ಬೊಬ್ಬೆ ಹೊಡೆಯುತ್ತ ತೋಟವಿಡೀ ಸುತ್ತಿದ. ಇಂಥದ್ದನ್ನು ಮಂಗಗಳು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಕಿರುಚಿಕೊಂಡು ಒಂದರ ಹಿಂದೊಂದು ಗುಡ್ಡೆ ಹತ್ತಿದವು.

ನಗು ನಿಂತಿತು. ಶಾಫಿ ಮಂಗಗಳಿಲ್ಲದ ತೋಟವನ್ನೊಮ್ಮೆ ನೋಡಿದ.

"ಕುಕ್ಕಪ್ಪಣ್ಣ, ನಾಳೆ ನಮ್ಮ ಬಾಳೆ ತೋಟಕ್ಕೆ ಬನ್ನಿ. ಉತುಪ್ ಚೇಟನನ್ನೂ ಕರ್ಕೊಂಡು ಬನ್ನಿ."

"ನಾಡಿದ್ದು ನಮ್ಮಲ್ಲಿಗೆ!" ಎಂದರು ಉಳಿದವರು.

ಪಾಪ, ಓಡುತ್ತಿದ್ದ ಉತುಪ್ 'ಆಗುದಿಲ್ಲ' ಎನ್ನಲು ಏದುಸಿರು ಬಿಡುತ್ತ ನಿಂತ. ಅಂಗಳದಿಂದ ತ್ರೇಸ್ಯಾಕುಟ್ಟಿಯ ಕೂಗು ಬಂತು:

"ನಿಲ್ಲಬೇಡಿ, ನಿಲ್ಲಬೇಡಿ! ಹಲಸಿನ ಮರದಲ್ಲಿ ಇನ್ನೂ ಒಂದು ಮಂಗ ಉಂಟು!"