ಬಿಸಿಲಿಗೆ ಬೆಂದ ಬೇಳೆ

ಆ ಪೆಟ್ಟಿಗೆ ಮನೆಗೆ ಬಂದ ದಿನದಿಂದ ವಿಠ್ಠಲರಾಯನನ್ನು ಬೀದಿಯವರೆಲ್ಲ ಒಂದು ಥರಾ ನೋಡತೊಡಗಿದರು. ಆದವಾನಿಯ ಹತ್ತಿ ಮಿಲ್ಲಿನ ಗುಮಾಸ್ತ, ಸರಕಾರದ ರಿಯಾಯಿತಿಯಲ್ಲಿ ಒಂದು ಸೋಲಾರ್ ಕುಕ್ಕರ್ ತಂದಿದ್ದ. ಒಳಗೆ ಕಪ್ಪು ಬಣ್ಣ, ಮೇಲೆ ಗಾಜು, ಮುಚ್ಚಳಕ್ಕೆ ಕನ್ನಡಿ. ಕಟ್ಟಿಗೆ ಬೇಡ, ಎಣ್ಣೆ ಬೇಡ, ಹೊಗೆಯಿಲ್ಲ. ಆದವಾನಿಯಲ್ಲಿ ಬಿಸಿಲಿಗೇನು ಬರವೇ?

ಮೊದಲು ನಂಬದವಳು ಹೆಂಡತಿ ಕಾವೇರಿಬಾಯಿ.

"ಇವತ್ತ ರವಿವಾರ. ಹನ್ನೆರಡೂವರಿಗೆ ಬ್ಯಾಳಿ ಬೆಂದಿದ್ರ ಪೆಟ್ಟಿಗಿ ಮನ್ಯಾಗಿರ್ಲಿ. ಇಲ್ಲಂದ್ರ ನಾಳೆ ಗುಜರಿಗೆ ಹಾಕ್ತೀನಿ," ಎಂದಳು.

ವಿಠ್ಠಲರಾಯನಿಗೋ ಪೆಟ್ಟಿಗೆಯ ಮೇಲೆ ಪ್ರಾಣ. ಒಂಬತ್ತಕ್ಕೇ ಮಾಳಿಗೆ ಹತ್ತಿ, ತೊಗರಿಬೇಳೆಯನ್ನು ಒಳಗಿಟ್ಟು, ಕನ್ನಡಿಯನ್ನು ಸೂರ್ಯನತ್ತ ತಿರುಗಿಸಿದ. ನಡುವೆ ತೆರೆದರೆ ಕಾವೆಲ್ಲ ಹೋಗುತ್ತದೆ ಎಂದು ಕೊಟ್ಟವರು ಮೂರು ಸಲ ಹೇಳಿದ್ದರು.

ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಇಡುತ್ತಿದ್ದ ವೆಂಕೂಬಾಯಿ ಕತ್ತು ಚಾಚಿದಳು. "ವಿಠ್ಠಲಾ, ಅದರ ವೈರ್ ಎಲ್ಲದನೋ?"

"ವೈರ್ ಇಲ್ಲ ಕಾಕು. ಬಿಸಿಲಿಗೇ ಬೇಯ್ತದ."

"ಮತ್ತ ಕರೆಂಟ್ ಹೆಂಗ ಕದೀತೀ?"

ಉತ್ತರಕ್ಕೆ ಕಾಯದೆ ಗೋಡೆ ದಾಟಿ ಬಂದು, ಗಾಜು ಎತ್ತಿ, ಪಾತ್ರೆಯ ಅಡಿಗೆಲ್ಲ ಕೈಯಾಡಿಸಿದಳು. ವೈರ್ ಸಿಗದಿದ್ದುದರಿಂದ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಅರ್ಧ ಗಂಟೆಗೆ ಇಬ್ಬರು ಹೆಂಗಸರನ್ನು ಸಾಕ್ಷಿಗೆ ಕರೆತಂದು ಮತ್ತೆ ತೆರೆದಳು.

ಅವರು ಇಳಿದರೆ ರೇಷನ್ ಡಿಪೋದ ಉಚ್ಚೀರಪ್ಪ ಹತ್ತಿ ಬಂದ. ಅವನ ಅನುಮಾನವೇ ಬೇರೆ.

"ಏಮಿ ಸ್ವಾಮಿ, ಬಿಸಿಲಿಗೇ ಅಡಿಗಿ ಆದ್ರ, ತಿಂಗಳಾ ನನ್ನಲ್ಲಿ ಒಯ್ಯೋ ಸೀಮಿಎಣ್ಣಿ ಎಲ್ಲಿಗೆ ಹೋಗತೈತಿ? ಹೋಟೆಲ್‌ನೋರಿಗೆ ಮಾರ್ತೀರೇನು?"

ಎಣ್ಣೆ ಡಬ್ಬಿ ಒಳಗೇ ಇದೆಯೇನೋ ಎಂದು ಅವನೂ ಗಾಜು ಎತ್ತಿ ನೋಡಿದ.

ವಿಠ್ಠಲರಾಯನಿಗೆ ಅಳು ಬರುವುದೊಂದು ಬಾಕಿ. ಛತ್ರಿ ಹಿಡಿದು ಪೆಟ್ಟಿಗೆಗೆ ಅಂಟಿಕೊಂಡೇ ಕಾವಲು ಕೂತ. ಮುಕ್ಕಾಲು ಗಂಟೆ ಸುಮ್ಮನೆ ನೋಡಿದ ವೆಂಕೂಬಾಯಿ, "ನಿನ್ನ ಛತ್ರಿ ನೆರಳು ಅದರ ಮ್ಯಾಲೇ ಬಿದ್ದದಲ್ಲೋ," ಎಂದಳು. ಬೆಳಗಿನಿಂದ ಆಕೆ ಆಡಿದ ಒಂದೇ ನಿಜವಾದ ಮಾತು ಅದು.

ಹನ್ನೆರಡಕ್ಕೆ ಕಾವೇರಿಬಾಯಿ ಬಂದಳು. "ಸ್ನಾನ ಮಾಡಿ ಬರ್ರಿ, ನಾ ನೋಡ್ಕೋತೀನಿ."

ಇವಳೂ ತೆರೆದು ನೋಡಿಯಾಳೆಂಬ ಅನುಮಾನದಲ್ಲೇ ಅವನು ಕೆಳಗಿಳಿದ.

ಹನ್ನೆರಡೂವರೆಗೆ ಮಾಳಿಗೆ ತುಂಬ ಜನ. ವಿಠ್ಠಲರಾಯ ಕಣ್ಣು ಮುಚ್ಚಿ ರಾಯರನ್ನು ನೆನೆದು ಗಾಜು ಎತ್ತಿದ. ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಉಚ್ಚೀರಪ್ಪನ ಅಂಗೈಗೆ ಒಂದಿಷ್ಟು ಹಾಕಿ, ಕಾವೇರಿಬಾಯಿ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಇಳಿದಳು. ಅವನು ನೆಕ್ಕಿದ.

"ಬೆಂದೈತಿ. ಹಂಗಾದ್ರ ಎಣ್ಣಿ ವಿಷಯ ಹೇಳ್ರಿ."

ಎಲ್ಲರೂ ವಿಠ್ಠಲರಾಯನ ಮುಖ ನೋಡಿದರು. ಗೆದ್ದ ಗುಮಾಸ್ತನ ಕೈ ಸುಮ್ಮನಿರುತ್ತದೆಯೇ? ಕೆಳಗೋಡಿ ಟ್ರಂಕಿನಿಂದ ರೇಷನ್ ಕಾರ್ಡೂ ಕಾಗದವೂ ತಂದು, "ನಮ್ಮ ಮನೆಯ ಅಡುಗೆ ಬಿಸಿಲಿನಿಂದಲೇ ಆಗುತ್ತಿರುವ ಕಾರಣ ಇನ್ನು ಮುಂದೆ ಸೀಮೆಎಣ್ಣೆ ಬೇಡ" ಎಂದು ಬರೆದು ರುಜು ಹಾಕಿದ. ವೆಂಕೂಬಾಯಿ ಸಾಕ್ಷಿ ಹಾಕಿದಳು. ಉಚ್ಚೀರಪ್ಪ ಕಾರ್ಡಿನ ಎಣ್ಣೆಯ ಸಾಲಿನ ಮೇಲೆ ಕೆಂಪು ಗೀಟು ಎಳೆದುಕೊಟ್ಟ.

ಕಾರ್ಡನ್ನು ಮಣೆಯ ಕೆಳಗಿಟ್ಟು ವಿಠ್ಠಲರಾಯ ಊಟಕ್ಕೆ ಕೂತ. "ನೋಡಿದೇನ ಕಾವೇರಿ? ಹೇಳಿದ್ರ ನಂಬಲಿಲ್ಲ ನೀನು."

ಕಾವೇರಿಬಾಯಿ ನಗು ತಡೆಯಲಾರದೆ ಹೇಳಿಯೇಬಿಟ್ಟಳು. "ನೀವು ಸ್ನಾನಕ್ಕ ಹೋದಾಗ ತಗದು ನೋಡಿದೆ. ಬ್ಯಾಳಿ ಹಳ್ಳಿನಂಗ ಗಟ್ಟಿ ಇತ್ತು. ಆ ವೆಂಕೂಬಾಯಿ ಮುಂದ ನಿಮ್ಮ ಮಾರಿ ಸಣ್ಣದಾದ್ರ ನನಗ ತಡಕೊಳ್ಳಲಿಕ್ಕೆ ಆಗ್ತದೇನು? ಯಾವುದಕ್ಕೂ ಇರ್ಲಿ ಅಂತ ಬೆಳಿಗ್ಗೇನೇ ಸ್ಟವ್ ಮ್ಯಾಲೆ ಒಂದಿಷ್ಟು ಬೇಯಿಸಿಟ್ಟಿದ್ದೆ. ಅದನ್ನೇ ನಿಮ್ಮ ಪಾತ್ರಿಗೆ ಸುರುವಿದೆ."

ವಿಠ್ಠಲರಾಯ ಎತ್ತಿದ ತುತ್ತನ್ನು ಕೆಳಗಿಟ್ಟ.

"ಇದ್ದ ಎಣ್ಣಿ ಎಲ್ಲಾ ಅದಕ್ಕೇ ಆತು," ಎಂದು ಆಕೆ ತುಪ್ಪ ಬಡಿಸಿದಳು. "ಉಂಡ ಮ್ಯಾಲೆ ಕಾರ್ಡ್ ತೊಗೊಂಡು ಉಚ್ಚೀರಪ್ಪನ ಡಿಪೋಕ್ಕ ಹೋಗಿ ಬರ್ರಿ."

ಅವನು ಮಣೆಯ ಕೆಳಗೆ ಕೈ ಹಾಕಿ ಕಾರ್ಡನ್ನು ಇನ್ನಷ್ಟು ಒಳಗೆ ತಳ್ಳಿದ.

"ಕಾವೇರಿ," ಎಂದ ಮೆಲ್ಲಗೆ, "ಮುಂದಿನ ಏಕಾದಶಿ ಯಾವತ್ತದ?"