ದೌಲತರಾಯರ ಸ್ಟೀರಿಂಗ್ ಸುಧಾರಣೆ

ಆಳಂದದಲ್ಲಿ ಉಳಿದವರ ಗಾಡಿಗಳು ಸ್ಟೀರಿಂಗ್ ತಿರುವಿದಾಗ ತಿರುಗುತ್ತಿದ್ದವು. ದೌಲತರಾಯರ ಗಾಡಿ ಹೆಂಡತಿ ಹೇಳಿದಾಗ ತಿರುಗುತ್ತಿತ್ತು.

ಗಾಡಿಯೇನೂ ಸಾಮಾನ್ಯದ್ದಲ್ಲ. ಹೈದರಾಬಾದಿನ ನವಾಬರ ಮನೆತನದವರಿಂದ ಕೊಂಡ ಹಳೆಯ ಅಮೇರಿಕನ್ ಕಾರು. (ಕೊಡುವಾಗ ಅವರು ಕಣ್ಣೀರು ಹಾಕಲಿಲ್ಲ, ಆಗಲೇ ಅನುಮಾನ ಬರಬೇಕಿತ್ತು.) ಇಂಜಿನ್ನಿನ ಆರ್ಭಟಕ್ಕೆ ಎತ್ತುಗಳು ಹಗ್ಗ ಹರಿಯುತ್ತಿದ್ದವು. ಸ್ಟೀರಿಂಗ್ ಮಾತ್ರ ಸಡಿಲ: ಅರ್ಧ ಸುತ್ತು ತಿರುವಿದ ಮೇಲೆ ಗಾಲಿಗಳಿಗೆ ಸುದ್ದಿ ಮುಟ್ಟುತ್ತಿತ್ತು. ಹಾಗಾಗಿ ಪಕ್ಕದಲ್ಲಿ ಕುಳಿತ ಹೆಂಡತಿ ಶಿವಕಾಂತಾ ಗಿಡವನ್ನೋ ಗುಡಿಯನ್ನೋ ಗುರುತು ಹಿಡಿದು, ತಿರುವು ಬರುವ ಮೊದಲೇ "ಈಗ ತಿರುವ್ರಿ" ಎನ್ನುವಳು. ರಾಯರು ತಿರುವುವರು. ಸಂಸಾರ ಸುರಕ್ಷಿತವಾಗಿ ಸಾಗಿತ್ತು.

ಕೆಟ್ಟದ್ದು ಅಫಜಲಪುರದ ಮಾವನ ಮನೆಯಲ್ಲಿ. ಕಟ್ಟೆಯ ತುಂಬ ಬೀಗರಿದ್ದಾಗ ಮಾವ ಬಸವಂತರಾಯರು, "ಗಾಡಿ ಅಳಿಯಂದ್ರದು ಖರೆ. ಓಡ್ಸೋದು ನಮ್ಮ ಶಿವಕಾಂತಾ" ಅಂದುಬಿಟ್ಟರು. ಕಟ್ಟೆಯೆಲ್ಲ ನಕ್ಕಿತು. ಪಂಚಮಿ ಹಬ್ಬಕ್ಕೆ ಮಾವನ ಓಣಿಯೊಳಗೆ ಸ್ವಂತ ಬುದ್ಧಿಯಿಂದ ಗಾಡಿ ತಿರುವಿ ತೋರಿಸುವೆನೆಂದು ದೌಲತರಾಯರು ಮನಸ್ಸಿನಲ್ಲೇ ಶಪಥ ಮಾಡಿದರು.

ಗುಲಬರ್ಗಾದ ಮಿಸ್ತ್ರಿ ಶರಫುದ್ದೀನ ಸ್ಟೀರಿಂಗ್ ಬಿಚ್ಚಿ ಬಿಗಿ ಮಾಡಿದ, ಸವೆದ ಜಾಯಿಂಟುಗಳನ್ನು ಬದಲಿಸಿದ. "ಸಾಹೇಬ್ರೇ, ಈಗ ಜರಾ ಕೈ ಅಲುಗಿಸಿದ್ರ ಸಾಕು. ಅರ್ಧ ಸುತ್ತು ತಿರುವೋ ಹಳೇ ಆದತ್ ಬಿಡ್ರಿ" ಅಂದ.

ಪಂಚಮಿಯ ದಿನ ರಾಯರು ಗಾಡಿ ಹತ್ತುತ್ತಲೇ ಆಜ್ಞೆ ಹೊರಡಿಸಿದರು: "ಇವತ್ತ ನೀ ಬಾಯಿ ತೆಗಿಬ್ಯಾಡ ನೋಡು."

"ಆಯ್ತ್ರಿ" ಎಂದು ಶಿವಕಾಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದಾರಿಯುದ್ದಕ್ಕೂ ಗಾಡಿ ಹೊಸ ಸೊಸೆಯಂತೆ ಹೇಳಿದ್ದು ಕೇಳಿತು. ಅಫಜಲಪುರ ಬಂತು. ಮಾವನ ಓಣಿ ಬಂತು. ಕಟ್ಟೆಯ ಮೇಲೆ ಬೀಗರು ಎದ್ದು ನಿಂತರು. ರಾಯರ ಕೈಗಳು ಅಪ್ಪಣೆಗಾಗಿ ಕಾಯುತ್ತಿದ್ದವು. ಅಪ್ಪಣೆ ಬರಲಿಲ್ಲ. ಗಾಡಿ ನೆಟ್ಟಗೆ ಮುಂದೆ ಹೋಯಿತು. ಕೈಯೆತ್ತಿದ ಬಸವಂತರಾಯರು ಕನ್ನಡಿಯಲ್ಲಿ ಸಣ್ಣಗಾಗುತ್ತ ಹೋದರು.

ಊರು ದಾಟಿದ ಮೇಲೆ ರಾಯರು ಬ್ರೇಕ್ ಒತ್ತಿದರು. "ಓಣಿ ಬಂದಿದ್ದು ಯಾಕ ಹೇಳ್ಲಿಲ್ಲ?"

ಶಿವಕಾಂತಾ ಸೆರಗು ಸರಿಸಿದಳು. "ಈಗ ಬಾಯಿ ತೆಗಿಬೌದೇನ್ರಿ?"

"ತೆಗಿ ನಮ್ಮವ್ವಾ. ಮಂದಿ ಕಾಯಾಕತ್ತಾರ. ಮೊದಲಿನಂಗ ಹೇಳು."

ರಾಯರು ಗಾಡಿ ಹೊರಳಿಸಿಕೊಂಡು ಊರೊಳಗೆ ವಾಪಸು ಬಂದರು. ಆಕೆ ಮೊದಲಿನಂತೆಯೇ ಹೇಳಿದಳು. ಓಣಿಗಿಂತ ಮೊದಲಿನ ಬೇವಿನ ಗಿಡ ಬಂದೊಡನೆ, "ಈಗ ತಿರುವ್ರಿ" ಅಂದಳು. ರಾಯರೂ ಮೊದಲಿನಂತೆಯೇ ಅರ್ಧ ಸುತ್ತು ತಿರುವಿದರು. ಗಾಡಿಯೊಂದು ಮಾತ್ರ ಮೊದಲಿನಂತಿರಲಿಲ್ಲ. ಅದು ಆ ಕ್ಷಣವೇ ತಿರುಗಿ, ಗಿಡದ ಪಕ್ಕದಲ್ಲೇ ಇದ್ದ ಮಾವನವರ ಸಗಣಿ ಕುಳ್ಳಿನ ಬಣವಿಯೊಳಗೆ ಕುತ್ತಿಗೆಯವರೆಗೆ ಹೊಕ್ಕು ನಿಂತಿತು.

ಬಸವಂತರಾಯರು ಬಂದು ಬಾನೆಟ್ಟಿನ ಮೇಲಿನ ಕುಳ್ಳೊಂದನ್ನು ತೆಗೆದು ಪಕ್ಕಕ್ಕಿಟ್ಟರು. "ಯಾಕ್ರಿ ಅಳಿಯಂದ್ರೇ, ಸ್ಟೀರಿಂಗ್ ಇನ್ನೂ ರಿಪೇರಿ ಆಗಿಲ್ಲೇನು?"

ಆಗಿದೆ ಎಂದರೆ ಹೆಂಡತಿ ಹೇಳಿದ್ದಕ್ಕೆ ತಿರುವಿದೆ ಎಂದು ಒಪ್ಪಿಕೊಂಡಂತೆ. ಬೀಗರೆಲ್ಲ ಉತ್ತರಕ್ಕೆ ಕಾಯುತ್ತಿದ್ದರು. ದೌಲತರಾಯರು ಮೆಲ್ಲಗೆ ಶಿವಕಾಂತಾಳ ಮುಖ ನೋಡಿದರು. ಆಕೆ ಅಡ್ಡಡ್ಡ ತಲೆಯಾಡಿಸಿದಳು.

"ಇನ್ನೂ ಆಗಿಲ್ರಿ" ಅಂದರು.