ಮಾವನ ಕಾರಿನ ಜೀರ್ಣೋದ್ಧಾರ

ಒಂದು ಹಳೇ ಕಾರನ್ನು ಬಿಚ್ಚಿ ಮತ್ತೆ ಜೋಡಿಸುವುದು ಮಹಾ ವಿದ್ಯೆಯೇನಲ್ಲ. ಬಿಚ್ಚಿದ್ದನ್ನೆಲ್ಲ ಒಂದು ಕಡೆ ಇಟ್ಟುಕೊಳ್ಳಬೇಕು, ಕಡೆಗೆ ಬಿಚ್ಚಿದ್ದನ್ನು ಮೊದಲು ಜೋಡಿಸುತ್ತ ಬರಬೇಕು, ಅಷ್ಟೇ. ವಿಮಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಫೈಲುಗಳನ್ನು ಬಿಚ್ಚಿ ಕಟ್ಟಿದವನಿಗೆ ಇದು ಯಾವ ಲೆಕ್ಕ? ನಿವೃತ್ತನಾದ ಮರುವಾರವೇ ನಾನು ಹೀಗೆಂದು ನನ್ನ ಹೆಂಡತಿ ವಸಂತಿಗೆ ವಿವರಿಸಿದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದವಳು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ತುರಿಯತೊಡಗಿದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಕಾರು ನನ್ನದಲ್ಲ, ಮಾವನದು. ಮಾವ ಎಂದರೆ ವಸಂತಿಯ ಅಪ್ಪ, ಗ್ರಾಂಟ್ ರೋಡಿನಲ್ಲಿ ನಲವತ್ತು ವರ್ಷ ಉಡುಪಿ ಹೋಟೆಲು ನಡೆಸಿದವರು. ಒಂದು ಕಾಲದಲ್ಲಿ ಮುಂಬೈ ತುಂಬ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಓಡಾಡುತ್ತಿದ್ದವಲ್ಲ, ಅದೇ ಜಾತಿಯ ಕಾರು. ಮಾವನದು ಕೆನೆ ಬಣ್ಣದ್ದು. ನಮ್ಮ ಮದುವೆಗೆ ವಸಂತಿ ದಿಬ್ಬಣ ಬಂದದ್ದು ಅದರಲ್ಲೇ. ಹತ್ತು ಹನ್ನೆರಡು ವರ್ಷದಿಂದ ಅದು ಬೈಕುಲ್ಲಾದಲ್ಲಿರುವ ನಮ್ಮ ಬಿಲ್ಡಿಂಗಿನ ಗ್ಯಾರೇಜಿನಲ್ಲಿ, ಶಟರಿನ ಹಿಂದೆ, ಧೂಳು ಹೊದ್ದು ಮಲಗಿತ್ತು. ಮಾವನಿಗೆ ಈಗ ಎಂಬತ್ತಮೂರು. ಹೋಟೆಲು ಬಿಟ್ಟುಕೊಟ್ಟು ನಮ್ಮ ಜೊತೆಗೇ ಇದ್ದಾರೆ. ನಮ್ಮ ಒಬ್ಬಳೇ ಮಗಳು ಶ್ರಾವ್ಯಾಳ ಮದುವೆ ನಿಶ್ಚಯವಾದ ದಿನ ಅವರು ನನ್ನನ್ನು ಹತ್ತಿರ ಕರೆದು ಕೇಳಿದರು.

"ಅಳಿಯಂದಿರೇ, ಮೊಮ್ಮಗಳು ಅದೇ ಕಾರಲ್ಲಿ ಮಂಟಪಕ್ಕೆ ಹೋಗ್ಲಿಕ್ಕೆ ಆದೀತಾ? ನನಗೆ ಅದೊಂದು ನೋಡ್ಬೇಕು ಅಂತ ಉಂಟು."

ಮೂವತ್ತು ವರ್ಷದಲ್ಲಿ ಆ ಮನುಷ್ಯ ನನ್ನಿಂದ ಏನನ್ನೂ ಕೇಳಿದವರಲ್ಲ. ಆಗಿಯೇ ಹೋಯಿತು ಎಂದು ತಿಳಿದುಕೊಳ್ಳಿ ಎಂದು ಮಾತು ಕೊಟ್ಟುಬಿಟ್ಟೆ.

ವಸಂತಿ ಮೆಕ್ಯಾನಿಕನ್ನು ಕರೆಯಿರಿ ಎಂದಳು. ಬೈಕುಲ್ಲಾದಲ್ಲಿ ಮೆಕ್ಯಾನಿಕ್‌ಗಳಿಗೇನು ಬರ, ನಮ್ಮ ಗಲ್ಲಿಯ ತುದಿಯಲ್ಲೇ ಮೂವರಿದ್ದಾರೆ. ಆದರೆ ಮಾತು ಕೊಟ್ಟವನು ನಾನು. ಮೇಲಾಗಿ ನನ್ನ ಫೋನಿನಲ್ಲಿ ಕಾರು ರಿಪೇರಿಯ ವಿಡಿಯೋಗಳಿದ್ದವು. ಅವುಗಳಲ್ಲಿ ಎಲ್ಲರೂ ಇಪ್ಪತ್ತೇ ನಿಮಿಷದಲ್ಲಿ ಎಂಜಿನ್ ಇಳಿಸಿ ಏರಿಸುತ್ತಿದ್ದರು!

ಬಿಚ್ಚುವ ಕೆಲಸದಲ್ಲಿ ನಾನು ನಿಜಕ್ಕೂ ಮಿಂಚಿದೆ. ಸ್ಕ್ರೂಗಳು ಕಲೆಸಿಹೋಗಬಾರದೆಂದು ಅಟ್ಟದ ಮೇಲಿದ್ದ ಮಾವನ ಹೋಟೆಲಿನ ದೊಡ್ಡ ಇಡ್ಲಿ ತಟ್ಟೆಗಳನ್ನು ಇಳಿಸಿದೆ. ಒಂದೊಂದು ಗುಳಿಯಲ್ಲಿ ಒಂದೊಂದು ಜಾಗದ ಸ್ಕ್ರೂ. ಮೇಲಿನ ತಟ್ಟೆ ಕಾರ್ಬೊರೇಟರಿಗೆ, ನಡುವಿನದು ಬ್ರೇಕಿಗೆ, ಕೆಳಗಿನದು ಬಾಗಿಲುಗಳಿಗೆ. ಇಂಥ ವ್ಯವಸ್ಥೆ ದೊಡ್ಡ ಕಾರ್ಖಾನೆಗಳಲ್ಲೂ ಇರಲಾರದು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಸ್ಕ್ರೂ ತೊಳೆದ ಸೀಮೆಎಣ್ಣೆ ಆರಲಿ ಎಂದು ತಟ್ಟೆಗಳನ್ನು ಬಾಲ್ಕನಿಯಲ್ಲಿ ಇಟ್ಟು ನಿದ್ದೆ ಮಾಡಿದೆ. ಎದ್ದು ನೋಡುವಷ್ಟರಲ್ಲಿ ವಸಂತಿ ತನ್ನ ಅಪ್ಪನ ತಟ್ಟೆಗಳಿಗೆ ಬಂದ ಗತಿಯನ್ನು ಕಂಡು, ಹುಣಸೆಹುಳಿ ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಕವುಚಿ ಹಾಕಿದ್ದಳು. ಸ್ಕ್ರೂಗಳು ಎಲ್ಲಿ ಎಂದೆ. ಎಲ್ಲವನ್ನೂ ಜೋಪಾನವಾಗಿ ಒಂದೇ ಉಪ್ಪಿನಕಾಯಿ ಭರಣಿಗೆ ತುಂಬಿಸಿಟ್ಟಿದ್ದಳು.

ಆ ಭರಣಿಯ ಜೊತೆ ನಾನು ಮೂರು ತಿಂಗಳು ಸಂಸಾರ ಮಾಡಿದೆ. ಕೊನೆಗೆ ಎಲ್ಲ ಜೋಡಿಸಿದಾಗ ಹನ್ನೊಂದು ಸ್ಕ್ರೂ ಉಳಿದವು. ಆದರೂ ಎಂಜಿನ್ ಚಾಲೂ ಆಯಿತು! ಅಂದರೆ ಆ ಹನ್ನೊಂದು ಮೊದಲಿನಿಂದಲೂ ಅನಾವಶ್ಯಕವಾಗಿದ್ದವು ಎಂಬ ತೀರ್ಮಾನಕ್ಕೆ ಬಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎಂಜಿನ್ ಗುರುಗುಟ್ಟಿದ್ದು ನನ್ನ ತಲೆಗೇರಿತು. ಮಗಳು ಹೋಗುವ ಕಾರು ಹಳೇ ಕಾಲದ್ದಾಗಿದ್ದರೆ ಸಾಲದು, ಈ ಕಾಲದ ಸೌಕರ್ಯವೂ ಇರಬೇಕು ಎನ್ನಿಸಿತು. ಕುರ್ಲಾದ ಗುಜರಿ ಸಾಲಿಗೆ ನಾಲ್ಕು ಬಾರಿ ಹೋಗಿ ಬಂದೆ. ಗುಂಡಿ ಒತ್ತಿದರೆ ಇಳಿಯುವ ಕಿಟಕಿ ಗಾಜು ಹಾಕಿಸಿದೆ, ಅಲ್ಲ, ನಾನೇ ಹಾಕಿದೆ. ಗಾಜು ತಿರುಗಿಸುವ ಹಳೇ ಹಿಡಿಗಳನ್ನು ಗುಜರಿಗೆ ಕೊಟ್ಟೆ. ಒಂದೇ ಗುಂಡಿಗೆ ನಾಲ್ಕೂ ಬಾಗಿಲು ಬೀಗ ಬೀಳುವಂತೆ ಮಾಡಿ, ಹಳೇ ಚಿಲಕದ ಗುಬುಟುಗಳನ್ನು ಕಿತ್ತು ಅವನ್ನೂ ಗುಜರಿಗೆ ಕೊಟ್ಟೆ. ಮುಂದಕ್ಕೆ ಜೀಪಿನದೊಂದು ಜೊತೆ ಎತ್ತರದ ಟಯರು, ಹಿಂದಕ್ಕೂ ಅಂಥದೇ ಒಂದು ಜೊತೆ. ತಲೆಯ ಮೇಲೆ ಮದುವೆ ಸಾಮಾನಿಗೆಂದು ಕಬ್ಬಿಣದ ಕ್ಯಾರಿಯರ್. ಕೊನೆಯ ವಾರ ಮುಂದಿನ ಗಾಜಿನ ಸುತ್ತ ಹೊಸ ರಬ್ಬರು ಕೂರಿಸಿದೆ. ಅದು ಎಷ್ಟು ಬಿಗಿಯಾಗಿ ಕೂತಿತ್ತೆಂದರೆ, ಬಿಲ್ಡಿಂಗಿನ ಒಬ್ಬೊಬ್ಬರನ್ನೇ ಕರೆದು ಉಗುರಿನಿಂದ ಎಳೆದು ನೋಡಿ ಎಂದು ತೋರಿಸಿದ್ದೆ.

ಇದೇ ಹೊತ್ತಿಗೆ ನಾನು ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿಯೂ ಆಗಿದ್ದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಮಳೆಗಾಲದಲ್ಲಿ ಕಾಂಪೌಂಡಿನಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಆದಕಾರಣ ಕಾಂಪೌಂಡಿನ ನೆಲವನ್ನು ಒಂದೂವರೆ ಅಡಿ ಏರಿಸಿ ಪೇವರ್ ಬ್ಲಾಕ್ ಹಾಸತಕ್ಕದ್ದು ಎಂದು ಠರಾವು ಬರೆದವನು ನಾನು, ಓದಿದವನು ನಾನು, ಮೊದಲು ಚಪ್ಪಾಳೆ ತಟ್ಟಿದವನೂ ನಾನೇ. ನಮ್ಮ ವಾಚ್‌ಮನ್ ಬಸಪ್ಪ, ವಿಜಯಪುರದ ಕಡೆಯವನು, ಕೆಲಸ ಶುರುವಾದ ದಿನ ಮೆಲ್ಲಗೆ ಒಂದು ಮಾತು ತೆಗೆದ.

"ಸಾಹೇಬ್ರ, ನೆಲ ಮ್ಯಾಲೆ ಬಂದ್ರ ಗ್ಯಾರೇಜ್ ತೆಗ್ಗಿನಾಗ ಉಳೀತೈತಲ್ರೀ?"

ಸಿಮೆಂಟಿನ ಒಂದು ಇಳಿಜಾರು ಮಾಡಿದರಾಯಿತು, ನೀನು ಗೇಟು ನೋಡಿಕೋ ಎಂದೆ. ಇಳಿಜಾರು ಮಾಡಿಯೂ ಆಯಿತು.

ಮದುವೆಗೆ ಮೊದಲು ಒಂದು ಸುತ್ತು ಹೊರಗೆ ಓಡಿಸಿ ನೋಡಿ ಮಾರಾಯ್ರೆ ಎಂದು ವಸಂತಿ ದಿನಕ್ಕೆರಡು ಸಲ ಹೇಳುತ್ತಿದ್ದಳು. ನಾನು ಒಪ್ಪಲಿಲ್ಲ. ಏಕೆಂದರೆ ಮದುವೆಗೆ ಮುಹೂರ್ತ ಇಟ್ಟ ಭಟ್ಟರಿಂದ ಕಾರು ಹೊರಡುವುದಕ್ಕೂ ನಾನು ಒಂದು ಮುಹೂರ್ತ ಇಡಿಸಿಕೊಂಡಿದ್ದೆ: ಅದೇ ದಿನ ಬೆಳಿಗ್ಗೆ ಎಂಟಕ್ಕೆ. ಜೀರ್ಣೋದ್ಧಾರವಾದ ದೇವರನ್ನು ಪ್ರತಿಷ್ಠೆಗೆ ಮೊದಲೇ ಯಾರಾದರೂ ಬೀದಿ ಸುತ್ತಿಸುತ್ತಾರೆಯೇ? ಹಾಗಾಗಿ ಪರೀಕ್ಷೆ ಎಲ್ಲ ಗ್ಯಾರೇಜಿನೊಳಗೇ ನಡೆಯಿತು. ದಿನಾ ಎಂಜಿನ್ ಚಾಲೂ ಮಾಡುವುದು, ಹಾರ್ನ್ ಒತ್ತುವುದು, ಗಾಜು ಇಳಿಸಿ ಏರಿಸುವುದು, ಸಂತೋಷಪಡುವುದು, ಬಂದ್ ಮಾಡುವುದು.

ಮದುವೆಯ ದಿನ ಬಂತು, ಭಾನುವಾರ. ಕುರ್ಲಾದ ಮದುವೆ ಹಾಲ್‌ನಲ್ಲಿ ಹತ್ತೂವರೆಗೆ ಧಾರೆ. ಕಾರಿಗೆ ಚೆಂಡುಹೂವಿನ ಮಾಲೆ, ನಾಲ್ಕು ಚಕ್ರದಡಿ ನಾಲ್ಕು ಲಿಂಬೆಹಣ್ಣು. ಪಟ್ಟೆ ಪಂಚೆ, ಜರಿ ಶಾಲು ಹೊದ್ದ ಮಾವ ಮುಂದಿನ ಸೀಟಿನಲ್ಲಿ ಬಂದು ಕೂತರು. ಪಂಚೆ ಉಟ್ಟು ನಾನು ಸ್ಟೇರಿಂಗ್ ಹಿಡಿದೆ. ಕಾರು ಹೊರಗೆ ಬಂದ ಮೇಲೆ ಶ್ರಾವ್ಯಾ ಹತ್ತುವುದೆಂದು ಏರ್ಪಾಡು. ವಸಂತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಬಸಪ್ಪ ಕಾಯಿ ಒಡೆದ. ಮಾವ ಡ್ಯಾಶ್‌ಬೋರ್ಡನ್ನು ಮೆಲ್ಲಗೆ ಸವರಿದರು, ಅವರ ಕಣ್ಣು ತೇವವಾಗಿತ್ತು. ನಾನು ಗುಂಡಿ ಒತ್ತಿ ನಾಲ್ಕೂ ಬಾಗಿಲಿಗೆ ಬೀಗ ಬೀಳಿಸಿ, ಗೇರು ಹಾಕಿದೆ.

ಲಿಂಬೆಹಣ್ಣು ಪಚಕ್ ಎಂದಿತು. ಕಾರಿನ ಮೂತಿ ಗಂಭೀರವಾಗಿ ಇಳಿಜಾರು ಹತ್ತಿತು. ಮೂತಿ ಮೇಲೇರಿದಂತೆ ತಲೆಯೂ ಮೇಲೇರಿತು. ಎತ್ತರದ ಟಯರು, ಅದರ ಮೇಲೆ ಕಾರು, ಕಾರಿನ ಮೇಲೆ ಕ್ಯಾರಿಯರ್! ಶಟರಿನ ತೊಲೆಗೆ ಕ್ಯಾರಿಯರ್ ಬಡಿದು ಕರ್ರ್ ಎಂದಿತು. ಇಂಥ ಸಮಯದಲ್ಲಿ ಬುದ್ಧಿ ಇದ್ದವರು ನಿಲ್ಲಿಸುತ್ತಾರೆ. ನಾನು ಆಕ್ಸಿಲರೇಟರ್ ಒತ್ತಿದೆ.

ಕ್ಯಾರಿಯರ್ ಬಾಗಿ ತೊಲೆಯನ್ನು ಕಚ್ಚಿಕೊಂಡಿತು. ಈಗ ಕಾರು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎರಡೂ ಕಡೆ ಗ್ಯಾರೇಜಿನ ಕಂಬ. ಮುಂದಿನ ಬಾಗಿಲು ತೆರೆಯಲು ಬೆರಳಗಲ ಜಾಗವಿಲ್ಲ. ಹಿಂದಿನ ಬಾಗಿಲು ತೆರೆಯೋಣವೆಂದು ಬೀಗದ ಗುಂಡಿ ಒತ್ತಿದೆ. ಎಲ್ಲೋ ಟಪ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು. ಎಂಜಿನ್ ನಿಂತಿತು, ಬೀಗ ಸತ್ತಿತು, ಗಾಜು ಸತ್ತಿತು. ನಾನು ತಂದ ಸೌಕರ್ಯಗಳೆಲ್ಲ ಒಂದೇ ತಂತಿಯಲ್ಲಿದ್ದವು, ಒಟ್ಟಿಗೇ ಹೋದವು.

ಬಿಲ್ಡಿಂಗಿನವರೆಲ್ಲ ಸೇರಿದರು. ಬಸಪ್ಪ ಮುಂದಿನ ಟಯರುಗಳ ಗಾಳಿ ಬಿಟ್ಟ. ಕಾರು ಎರಡು ಬೆರಳು ತಗ್ಗಿ ಅಲ್ಲೇ ಕೂತಿತು. ಎಂಟು ಜನ ನೂಕಿದರು. ಹೂವಿನ ಮಾಲೆ ಮಾತ್ರ ಕಳಚಿ ಬಿತ್ತು. ಗಂಟೆ ಎಂಟೂಮುಕ್ಕಾಲಾಯಿತು. ಒಳಗೆ ನಾನು ಬೆವರಿ ನೀರಾಗಿದ್ದೆ. ವಸಂತಿ ಗಾಜಿನಾಚೆ ನಿಂತು ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ಕೊನೆಗೆ ಫೋನ್ ಮಾಡಿದಳು. ನಾವಿಬ್ಬರೂ ಎರಡು ಮಾರು ದೂರದಲ್ಲಿ ಮುಖ ಮುಖ ನೋಡಿಕೊಂಡು ಫೋನಿನಲ್ಲಿ ಮಾತಾಡಿದೆವು.

"ಧಾರೆ ಹೊತ್ತು ಮೀರ್ಸ್ಲಿಕ್ಕೆ ಆಗುದಿಲ್ಲ," ಎಂದಳು. "ನೀವು ಬರದಿದ್ರೆ ಹಾಲ್‌ನಲ್ಲಿರುವ ನನ್ನ ಅಣ್ಣನ ಹತ್ರ ಎರೆಸುದು. ಮತ್ತೆ ಎಂತ ಮಾಡುದು ನಾನು?"

ಅವಳು ಸಿಟ್ಟಿನಿಂದ ಹೇಳಲಿಲ್ಲ, ಅತ್ತುಕೊಂಡು ಹೇಳಿದಳು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಇಪ್ಪತ್ತೇಳು ವರ್ಷ ಕೈ ಹಿಡಿದು ನಡೆಸಿದ ಮಗಳನ್ನು ಧಾರೆ ಎರೆದು ಕೊಡುವ ಹೊತ್ತಿಗೆ ಅಪ್ಪನೆಂಬವನು ಗ್ಯಾರೇಜಿನ ಬಾಯಲ್ಲಿ ಸಿಕ್ಕಿಕೊಂಡಿರುವುದೇ? ನನ್ನ ಬುದ್ಧಿಗೆ ಬೆಂಕಿ ಹಾಕ ಎಂದು ತಲೆ ಚಚ್ಚಿಕೊಂಡೆ. ಅಷ್ಟರಲ್ಲಿ ಶ್ರಾವ್ಯಾ ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡಳು. ಕನ್ನಡ ಅವಳಿಗೆ ಅಷ್ಟಕ್ಕಷ್ಟೇ, 'ಯಾವಾಗ' ಎನ್ನಲಿಕ್ಕೂ ಹಿಂದಿಯ 'ಕಬ್' ಬರುತ್ತದೆ.

"ಪಪ್ಪಾ, ನೀವು ಬರದೆ ನಾನು ಹೋಗುದಿಲ್ಲ. ಬಸ್. ಕಾರ್ ನಂಗೆ ಕಬ್ ಬೇಕಿತ್ತು?"

ಹೇಳಿದವಳೇ, ಮದುಮಗಳ ಸೀರೆಯಲ್ಲಿ, ಬಸಪ್ಪನ ಪ್ಲಾಸ್ಟಿಕ್ ಕುರ್ಚಿಯನ್ನು ಕಾರಿನೆದುರು ಎಳೆದು ಕೂತುಬಿಟ್ಟಳು.

ಆಗ ಪಕ್ಕದ ಸೀಟಿನಿಂದ ಮಾವ ನನ್ನ ಭುಜ ತಟ್ಟಿದರು. ಮೂವತ್ತು ವರ್ಷ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದವರು ಅಂದು ಮೊದಲ ಸಲ ಏಕವಚನಕ್ಕಿಳಿದರು.

"ಮಾರಾಯ, ಆ ರಬ್ಬರ್ ಕೊಯ್ಲಿಕ್ಕೆ ಹೇಳು. ಗಾಜು ಇಡಿಯಾಗಿ ಹೊರಗೆ ಬರ್ತದೆ. ಇಷ್ಟು ತಿಂಗಳು ಬಿಚ್ಚಿದ್ದಿ, ಅದು ಗೊತ್ತಿಲ್ವಾ ನಿನಗೆ?"

ಬಸಪ್ಪ ನಮ್ಮ ಅಡುಗೆಮನೆಯ ತರಕಾರಿ ಚಾಕು ತಂದು, ನನ್ನ ಆ ಹೆಮ್ಮೆಯ ರಬ್ಬರನ್ನು ಸುತ್ತಲೂ ಕೊಯ್ದು, ಗಾಜನ್ನು ತಟ್ಟೆ ಎತ್ತಿದ ಹಾಗೆ ಎತ್ತಿಟ್ಟ. ಹತ್ತು ನಿಮಿಷದ ಕೆಲಸ. ಇಡೀ ಜೀರ್ಣೋದ್ಧಾರದಲ್ಲಿ ಸರಿಯಾಗಿ ಆದ ರಿಪೇರಿ ಅದೊಂದೇ. ಮೊದಲು ಮಾವನನ್ನು ನಾಲ್ಕು ಜನ ಬಾನೆಟ್ಟಿನ ಮೇಲಿಂದ ಕೂಸಿನಂತೆ ಎತ್ತಿಕೊಂಡರು. ಅವರ ಶಾಲಿನ ನೆರಿಗೆ ಕೂಡ ಕೆಡಲಿಲ್ಲ. ಆಮೇಲೆ ನನ್ನ ಸರದಿ. ನನಗೆ ಹೊಟ್ಟೆ ಇದೆ. ಇಬ್ಬರು ಕೈ ಹಿಡಿದು ಎಳೆದರು, ಪಂಚೆಯ ಚುಂಗು ಗೇರಿನ ಹಿಡಿಗೆ ಸಿಕ್ಕಿಕೊಂಡಿತು. ನಾನು ಬಂದೆ. ಪಂಚೆ ಬರಲಿಲ್ಲ.

ಸೊಸೈಟಿಯ ಮಾನ್ಯ ಸೆಕ್ರೆಟರಿ ಪಟ್ಟೆಪಟ್ಟೆ ಚಡ್ಡಿಯಲ್ಲಿ ಬಾನೆಟ್ಟಿನ ಮೇಲೆ ಮಕಾಡೆ ಮಲಗಿದ್ದನ್ನು ಸಮಸ್ತ ಸದಸ್ಯರೂ ಕಣ್ತುಂಬ ನೋಡಿದರು. ಬಸಪ್ಪ ತನ್ನ ಕ್ಯಾಬಿನ್ನಿನಿಂದ ಒಗೆದು ಮಡಿಸಿಟ್ಟ ಧೋತರ ತಂದುಕೊಟ್ಟ. ಕೈಕಾಲಿಗೆಲ್ಲ ಗ್ರೀಸು, ತೊಳೆಯುವಷ್ಟು ಹೊತ್ತಿರಲಿಲ್ಲ.

ರಸ್ತೆಯನ್ನು ನಂಬುವಂತಿರಲಿಲ್ಲ. ಬೈಕುಲ್ಲಾ ಸ್ಟೇಷನ್ನಿನಿಂದ ಸ್ಲೋ ಲೋಕಲ್ ಹಿಡಿದೆವು: ಮದುಮಗಳು, ಮದುಮಗಳ ಅಮ್ಮ, ಮದುಮಗಳ ಅಜ್ಜ, ಮತ್ತು ಬಸಪ್ಪನ ಧೋತರದಲ್ಲಿ ನಾನು. ಕುರ್ಲಾದಲ್ಲಿ ಇಳಿದು ರಿಕ್ಷಾ ಹತ್ತಿ ಹಾಲ್ ಮುಟ್ಟಿದಾಗ ಹತ್ತೂಕಾಲು ದಾಟಿತ್ತು. ಓಡಿಹೋಗಿ ಮಂಟಪದಲ್ಲಿ ನಿಂತೆ. ಭಟ್ಟರು ನನ್ನ ಕೈಗಳನ್ನು ನೋಡಿದರು, ಗಡಿಯಾರ ನೋಡಿದರು, ಮಂತ್ರ ಮುಂದುವರಿಸಿದರು. ಮಗಳ ಕೈ, ಅಳಿಯನ ಕೈ ಸೇರಿಸಿ ನೀರು ಎರೆದೆ. ಹರಿವಾಣಕ್ಕೆ ಬಿದ್ದ ಧಾರೆಯ ನೀರು ಕಪ್ಪಗಿತ್ತು. ಶ್ರಾವ್ಯಾ ಅದನ್ನು ನೋಡಿ ನಕ್ಕಳು. ನಾನು ಅತ್ತೆ, ನಾಚಿಕೆ ಬಿಟ್ಟು ಅತ್ತೆ.

ಊಟದ ಪಂಕ್ತಿಯಲ್ಲಿ ಬೀಗರು ಮಾವನನ್ನು ಮಾತಿಗೆಳೆದರು. ಕಾರಿನ ಸುದ್ದಿ ಅವರಿಗೂ ಮುಟ್ಟಿತ್ತು. ನಿಮ್ಮ ಕಾರಿನ ಸವಾರಿ ಹೇಗಾಯಿತು ಎಂದು ಕೇಳಿದರು. ನಾನು ಎಲೆಯ ತುದಿಯ ಉಪ್ಪಿನಕಾಯಿ ನೆಕ್ಕತೊಡಗಿದೆ.

ಮಾವ ಪಾಯಸ ಸುರಿದು ಮುಗಿಸಿ, ನಿಧಾನಕ್ಕೆ ಹೇಳಿದರು. "ನಮ್ಮ ಅಳಿಯಂದಿರೇ ಓಡಿಸಿದ್ದು. ಅವರ ಪಕ್ಕದಲ್ಲಿ ಇಷ್ಟು ಹೊತ್ತು ಕೂತದ್ದು ಈ ಮೂವತ್ತು ವರ್ಷದಲ್ಲಿ ಇದೇ ಮೊದಲು. ನನಗೆ ಖುಷಿ ಆಯ್ತು. ಹೋದದ್ದು ಮಾತ್ರ ನಾಲ್ಕು ಅಡಿ."

ಇಡೀ ಪಂಕ್ತಿ ನಕ್ಕಿತು. ಹಿರಿಯರ ಮಾತು, ನಾನು ಎದುರಾಡಲಿಲ್ಲ. ಮರುದಿನ ಮಾತ್ರ ಟೇಪು ಹಿಡಿದು ಅಳೆದು ನೋಡಿದೆ. ಮೂರೂಕಾಲು.